ಕಣ್ಣು ಮುಚ್ಚದ ದೊಡ್ಡಮ್ಮ

ಈ ವರ್ಷ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ಬೆಳಗಿನ ಆರಾಧನೆ ನಡೆಯುತ್ತಿದ್ದಾಗಲೇ, ಮಲ್ಲತ್ತಹಳ್ಳಿಯ ಪ್ರಾರ್ಥನಾ ಮಂದಿರವೊಂದರಿಂದ ನಮ್ಮ ದೊಡ್ಡಮ್ಮನನ್ನು ಹೊರಗೆ ಹಾಕಲಾಯಿತು. ಹಾಕಿದವರು ಕೊಟ್ಟ ಕಾರಣ: ಪ್ರಾರ್ಥನೆಯ ವೇಳೆ ಅವರು ಕಣ್ಣು ಮುಚ್ಚಿರಲಿಲ್ಲ.

ಕಾರಣ ನಿಜ. ಇದೊಂದು ವಿಷಯದಲ್ಲಿ ಮಂದಿರದವರನ್ನು ದೂರುವಂತಿಲ್ಲ. ನಮ್ಮ ದೊಡ್ಡಮ್ಮ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದ್ದನ್ನು ಕಂಡವರು ನಮ್ಮ ವಂಶದಲ್ಲೇ ಯಾರೂ ಇಲ್ಲ. ಉಳಿದವರೆಲ್ಲ ಕಣ್ಣು ಮುಚ್ಚಿಕೊಂಡಿರುವಾಗ ಅವರು ಮುಚ್ಚಿದರೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಚಿಕ್ಕಂದಿನಿಂದಲೂ ಒಂದು ಕಣ್ಣು ತೆರೆದೇ ಇಟ್ಟಿದ್ದೇನೆ, ಅವರನ್ನು ನೋಡುವುದಕ್ಕೆ!

“ಕಣ್ಣು ಮುಚ್ಚಿ ಪ್ರಾರ್ಥಿಸಿ ಅಂತ ಯಾವ ಅಧ್ಯಾಯದಲ್ಲಿದೆ ತೋರಿಸು,” ಎಂಬುದು ಅವರ ಹಳೆಯ ಸವಾಲು. “ಎಚ್ಚರವಾಗಿದ್ದು ಪ್ರಾರ್ಥನೆ ಮಾಡಿ ಅಂತ ಇದೆ. ಕಣ್ಣು ಮುಚ್ಕೊಂಡು ಅದೆಂಥ ಎಚ್ಚರನೋ?”

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವನು. ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಹುಡುಕಿದೆ. ಅಂಥ ವಚನ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ.

ದೊಡ್ಡಮ್ಮ ಬಸವೇಶ್ವರನಗರದಲ್ಲಿ, ನಮ್ಮ ಮನೆಯ ಮೇಲಿನ ಮಹಡಿಯಲ್ಲಿದ್ದಾರೆ. ನಿವೃತ್ತಿಗೆ ಮುಂಚೆ ಅವರು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್. ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್ ಕಡೆಯ ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಅವರು ಆಟೋ ಇಳಿದ ಕೂಡಲೇ ಇಡೀ ಮಾರ್ಕೆಟ್ಟಿನಲ್ಲಿ ಈರುಳ್ಳಿಯ ತೂಕ ಹೆಚ್ಚುತ್ತಿತ್ತಂತೆ! ಕೆಲಸದ ಕ್ರಮವನ್ನು ಅವರು ನನಗೆ ಹೀಗೆ ವಿವರಿಸಿದ್ದರು: “ಅಂಗಡಿಯವನ ಮುಖ ನೋಡಬಾರದು. ಗಲ್ಲಾ ಮೇಲೆ ಹಾಕಿರೋ ದೇವರ ಫೋಟೋ ನೋಡಬಾರದು. ಅವನು ಕೊಡೋ ಕಾಫಿ ಕುಡೀಬಾರದು. ನಮ್ಮ ತೂಕದ ಕಲ್ಲು ಅವನ ತಕ್ಕಡಿ ಮೇಲಿಡಬೇಕು. ಮುಳ್ಳು ನೋಡಬೇಕು. ಅಷ್ಟೇ.”

ನಿವೃತ್ತಿಯ ದಿನ ಹಿತ್ತಾಳೆಯ ತೂಕದ ಕಲ್ಲುಗಳನ್ನು ಕಚೇರಿಗೆ ಒಪ್ಪಿಸಿ ಬಂದರು. ಅಭ್ಯಾಸವನ್ನು ಒಪ್ಪಿಸಲಿಲ್ಲ. ಅಂದಿನಿಂದ ಬೈಬಲ್ಲೇ ತೂಕದ ಕಲ್ಲು, ಪಶ್ಚಿಮ ಬೆಂಗಳೂರಿನ ಅಷ್ಟೂ ಪಾಸ್ಟರುಗಳು ಅಂಗಡಿಯವರು.

ಮೊದಲ ತಪಾಸಣೆ ನಮ್ಮದೇ ಕುಟುಂಬದ ಚರ್ಚಿನಲ್ಲಿ ನಡೆಯಿತು. ಅಲ್ಲಿ ಪ್ರತಿವರ್ಷ ಸುಗ್ಗಿ ಹಬ್ಬ. ಸಭೆಯವರು ತಂದೊಪ್ಪಿಸಿದ ಕುಂಬಳಕಾಯಿ, ಬಾಳೆಗೊನೆ, ಕೇಕುಗಳನ್ನು ಆರಾಧನೆಯ ನಂತರ ಹರಾಜು ಹಾಕುತ್ತಾರೆ. ಯಾರು ಎಷ್ಟಕ್ಕೆ ಕೂಗಿದರು ಎಂಬುದನ್ನು ಮೈಕಿನಲ್ಲಿ ಹೇಳುತ್ತಾರೆ. ಒಂದು ಕುಂಬಳಕಾಯಿಗಾಗಿ ಇಬ್ಬರು ಕಂಟ್ರಾಕ್ಟರುಗಳು ಹಠಕ್ಕೆ ಬಿದ್ದು, ಅದರ ಬೆಲೆ ಸಣ್ಣದೊಂದು ಸೈಟಿನ ಮುಂಗಡದ ಹತ್ತಿರ ಹೋಯಿತು. ಗೆದ್ದವರ ಹೆಸರನ್ನು ಮೂರು ಸಲ ಕೂಗಿ ಚಪ್ಪಾಳೆ ಹೊಡೆಸಿದರು. ದೊಡ್ಡಮ್ಮ ಎದ್ದು ನಿಂತರು.

“ಅಯ್ಯನೋರೇ, ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸುಸ್ವಾಮಿ ಹೇಳಿದ್ದಾರೆ. ಇಲ್ಲಿ ಮಾಗಡಿ ರೋಡಿಗೇ ಗೊತ್ತಾಯ್ತಲ್ಲ!”

ಸಭೆ ನಕ್ಕಿತು. ಸಮಿತಿ ನಗಲಿಲ್ಲ. ಮುಂದಿನ ವಾರ ಸಮಿತಿಯ ಕಾರ್ಯದರ್ಶಿ ಮನೆಗೆ ಬಂದು, “ನ್ಯಾಯತೀರ್ಪು ಮಾಡಬೇಡಿ ಅಂತಾನೂ ಇದೆಯಲ್ಲ ಅಮ್ಮ,” ಎಂದರು.

“ಇದೆ,” ಎಂದರು ದೊಡ್ಡಮ್ಮ. “ಸಿಕ್ಕಿಬಿದ್ದೋರಿಗೆಲ್ಲ ಬಾಯಿಪಾಠ ಇರೋ ವಚನ ಅದೊಂದೇ. ಕೆಳಗಡೇನೂ ಓದಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗಿ, ಆಮೇಲೆ ಪಕ್ಕದೋನ ಕಣ್ಣಿನ ಕಸ ತೆಗಿ ಅಂತಿದೆ. ತೆಗೀಲೇಬೇಡ ಅಂತಿಲ್ಲ. ನನ್ನ ತೊಲೆ ಯಾವುದು ಹೇಳಿ, ತೆಗೀತೀನಿ. ಕಾಫಿ ಕುಡೀತೀರಾ?”

ಕಾರ್ಯದರ್ಶಿ ಕಾಫಿ ಕುಡಿಯಲಿಲ್ಲ. ಆಮೇಲೆ ದೊಡ್ಡಮ್ಮ ವಿಜಯನಗರದಲ್ಲಿ ಒಂದು ಸಭೆಗೆ ಹೋದರು, ಕೆಂಗೇರಿ ಉಪನಗರದಲ್ಲಿ ಇನ್ನೊಂದಕ್ಕೆ. ಎರಡೂ ಕಡೆ ಅವರು ಬರುವುದನ್ನು ನಿಲ್ಲಿಸಿದಾಗ ವಿಶೇಷ ಸ್ತೋತ್ರ ಸಲ್ಲಿಸಿದರೆಂದು ಸುದ್ದಿ. ಇದು ದೃಢಪಟ್ಟಿಲ್ಲ.

ಹೀಗಿರುವಾಗ ಒಂದು ದಿನ ನನ್ನ ಸ್ಕೂಟರಿನ ಹಿಂದೆ ಕುಳಿತು ಮಲ್ಲತ್ತಹಳ್ಳಿ ಕಡೆ ಹೋಗುತ್ತಿದ್ದಾಗ ಅವರಿಗೊಂದು ಬ್ಯಾನರ್ ಕಂಡಿತು. ಬೇಕರಿ, ಅದರ ಮೇಲೆ ಜಿಮ್, ಅದರ ಮೇಲೆ ಪ್ರಾರ್ಥನಾ ಮಂದಿರ. ಬ್ಯಾನರಿನಲ್ಲಿ ಬಿಳಿ ಸೂಟಿನ ಪಾಸ್ಟರ್. ಹೆಸರಿನ ಹಿಂದೆ ‘ಪ್ರವಾದಿ’. ಅವರ ಮುಖದ ಪಕ್ಕದಲ್ಲಿ, ಅವರ ಕಿವಿಯಷ್ಟೇ ದೊಡ್ಡದಾದ ಒಂದು ಶಿಲುಬೆ. ಕೆಳಗೆ ಕೆಂಪಕ್ಷರದಲ್ಲಿ: ‘ಬನ್ನಿ! ಪರೀಕ್ಷಿಸಿ ನೋಡಿ!’

“ನಿಲ್ಸು,” ಎಂದರು ದೊಡ್ಡಮ್ಮ. “ಅವರೇ ಕರೀತಾ ಇದಾರೆ.”

ಆ ಬ್ಯಾನರ್ ಬರೆಸಿದ್ದು ಆ ಮಂದಿರದವರು ಮಾಡಿದ ದೊಡ್ಡ ತಪ್ಪು.

ಮೊದಲ ಭಾನುವಾರವೇ ಅಲ್ಲಿ ಅಭಿಷೇಕದ ಎಣ್ಣೆಯ ಬಾಟಲಿ ಹಂಚಿದರು. ತಲೆನೋವು, ಸಾಲ, ಸೊಂಟನೋವು, ಕೋರ್ಟು ಕೇಸು, ಎಲ್ಲಕ್ಕೂ ಅದೇ ಎಣ್ಣೆ. ದೊಡ್ಡಮ್ಮ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಬ್ರದರ್, ನಿವ್ವಳ ತೂಕ ಹಾಕಿಲ್ವಲ್ಲ?”

ಹಂಚುತ್ತಿದ್ದ ಸ್ವಯಂಸೇವಕ ಕಕ್ಕಾಬಿಕ್ಕಿಯಾದ. “ಆಂಟಿ, ಇದು ಪರಲೋಕದ ಆಶೀರ್ವಾದ.”

“ಇರಲಪ್ಪ. ಪರಲೋಕದಿಂದ ಬಂದ ಮಾಲಿಗೂ ಪ್ಯಾಕಿಂಗ್ ದಿನಾಂಕ ಬೇಕು.”

ಎರಡನೇ ಭಾನುವಾರ ಸೋಫಾ ಪ್ರಕರಣ. ವೇದಿಕೆಯ ಮುಂದೆ ಕೆಂಪು ಸೋಫಾ ಹಾಕಿದ್ದರು. ಲೇಔಟ್ ಮಾಡಿ ಸೈಟು ಮಾರುವವರೊಬ್ಬರು ಮತ್ತು ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿರುವ ಒಬ್ಬರು ಅದರಲ್ಲಿ ಕೂರುತ್ತಿದ್ದರು. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು. ಅದರ ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ, ಜಮಖಾನದ ಮೇಲೆ ಬೀದರ್, ಯಾದಗಿರಿ ಕಡೆಯಿಂದ ಬಂದು ಗಾರೆ ಕೆಲಸ, ಡೆಲಿವರಿ ಕೆಲಸ ಮಾಡುವವರು. ಅಲ್ಲಿ ಬೀದರಿನ ಸುವರ್ಣಾ ಎಂಬ ಹೆಂಗಸು ತನ್ನ ಮಗಳು ಅಕ್ಸಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಸುವರ್ಣಾ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಾಳೆ, ಗಂಡ ಊಟ ಡೆಲಿವರಿ ಮಾಡುತ್ತಾನೆ. ಅಕ್ಸಾ ಆಗಿನ್ನೂ ಒಂದನೇ ತರಗತಿ.

ದೊಡ್ಡಮ್ಮ ಇಬ್ಬರನ್ನೂ ಕೈಹಿಡಿದು ಎಬ್ಬಿಸಿ, ಸಭೆಯ ನಡುವೆ ನಡೆಸಿಕೊಂಡು ಹೋಗಿ ಕೆಂಪು ಸೋಫಾದಲ್ಲಿ ಕೂರಿಸಿದರು. ಸ್ವಯಂಸೇವಕ ಓಡಿಬಂದ.

“ಆಂಟಿ, ಆಂಟಿ, ಅದು ವಿಐಪಿ ಸೀಟು!”

“ಚಿನ್ನದುಂಗುರದವನಿಗೆ ಒಳ್ಳೇ ಜಾಗ, ಬಡವನಿಗೆ ಕಾಲಡೀಲಿ ಜಾಗ ಕೊಟ್ರೆ ಅದು ಪಾಪ ಅಂತ ಯಾಕೋಬ ಬರೆದಿದ್ದಾನೆ. ಎರಡನೇ ಅಧ್ಯಾಯ. ನೀನು ಓದ್ತೀಯೋ, ಮೈಕ್ ಕೊಡ್ತೀಯೋ?”

ಹುಡುಗ ಮೈಕ್ ಕೊಡಲಿಲ್ಲ. ಲೇಔಟಿನವರು ಆ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಅವರಿಗೆ ಏನೂ ಆಗಲಿಲ್ಲ ಎಂಬುದನ್ನು ದಾಖಲಿಸಬೇಕು.

ಆದರೆ ಸೋಫಾದಲ್ಲಿ ಕುಳಿತದ್ದರಿಂದ ಅಕ್ಸಾ ಪಾಸ್ಟರ ಕಣ್ಣಿಗೆ ಬಿದ್ದಳು. ತಮಾಷೆ ಅಲ್ಲಿಗೆ ನಿಂತಿತು.

ಆ ಮಗುವಿಗೆ ಮೂರ್ಛೆ ಬರುತ್ತಿತ್ತು. ದೊಡ್ಡಾಸ್ಪತ್ರೆಯವರು ಮಾತ್ರೆ ಕೊಟ್ಟಿದ್ದರು. ಮಾತ್ರೆ ತಪ್ಪದಿದ್ದರೆ ಮೂರ್ಛೆ ಇಲ್ಲ. ಮಂದಿರದಲ್ಲಿ ಒಂದು ಪದ್ಧತಿಯಿತ್ತು. ವೇದಿಕೆಯ ಮುಂದೆ ನೀಲಿ ಪ್ಲಾಸ್ಟಿಕ್ ಟಬ್ ಇಟ್ಟು ಅದಕ್ಕೆ ‘ನಂಬಿಕೆಯ ತೊಟ್ಟಿ’ ಎಂದು ಹೆಸರಿಟ್ಟಿದ್ದರು. ವಾಸಿಯಾಯಿತೆಂದು ಪಾಸ್ಟರ್ ಘೋಷಿಸಿದವರು ತಮ್ಮ ಮಾತ್ರೆ, ಸಿರಪ್, ಕನ್ನಡಕಗಳನ್ನು ಅದಕ್ಕೆ ಹಾಕಬೇಕು. ಪಾಸ್ಟರ್ ಮಾತ್ರ ವಾಸಿಯಾದವರ ಹೆಸರುಗಳನ್ನು ಕನ್ನಡಕ ಹಾಕಿಕೊಂಡೇ ಓದಿ ಹೇಳುತ್ತಿದ್ದರು. ಆ ಕನ್ನಡಕ ಎಂದಾದರೂ ತೊಟ್ಟಿಗೆ ಬಿದ್ದ ದಾಖಲೆ ಇಲ್ಲ.

ಸೋಫಾ ಪ್ರಕರಣದ ಮುಂದಿನ ಭಾನುವಾರ ಅಕ್ಸಾಳನ್ನು ವೇದಿಕೆಗೆ ಕರೆದು, ತಲೆಗೆ ಎಣ್ಣೆ ಹಚ್ಚಿ, ದುರಾತ್ಮ ಹೋಯಿತೆಂದು ಘೋಷಿಸಿದರು. ಸಭೆಯೆಲ್ಲ ಹಲ್ಲೆಲೂಯ ಎಂದಿತು. ಸುವರ್ಣಾ ಅಳುತ್ತಾ ಮಾತ್ರೆಯ ಹಾಳೆಯನ್ನು ತೊಟ್ಟಿಗೆ ಹಾಕಿದಳು. ದೊಡ್ಡಮ್ಮ ಅಂದು ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ಮುಂದಿನ ವಾರ ಹೋದಾಗ ಅಕ್ಸಾಳ ಕೆಳತುಟಿ ಊದಿಕೊಂಡಿತ್ತು. ಶಾಲೆಯಲ್ಲಿ ಮೂರ್ಛೆ ಬಂದು ತಾನೇ ಕಚ್ಚಿಕೊಂಡಿದ್ದಳು.

“ಮತ್ತೆ ಮಾತ್ರೆ ಕೊಡ್ಲಿಲ್ವೇನೇ?”

“ಹ್ಯಾಂಗ್ ಕೊಡ್ಲಿ ಅಮ್ಮಾ?” ಎಂದಳು ಸುವರ್ಣಾ. “ನಿನ್ನ ನಂಬಿಕಿ ಕಮ್ಮಿ ಆಗ್ಯಾದ, ಅದಕ್ಕೇ ಹೊಳ್ಳಿ ಬಂದದ ಅಂದ್ರು ಪಾಸ್ಟರು. ಮತ್ತ ಗುಳಿಗಿ ಕೊಟ್ರ ದೇವರಿಗಿ ಸಿಟ್ಟು ಬಂದ್ ಪೋರಿ ಸತ್ತೇ ಹೋಗ್ತದಂತ್ರೀ.”

ಮಗುವಿಗೆ ಕಾಯಿಲೆ, ತಾಯಿಗೆ ಅಪರಾಧ, ಪಾಸ್ಟರಿಗೆ ಮಹಿಮೆ! ಇಷ್ಟು ಅನುಕೂಲದ ಹಂಚಿಕೆಯನ್ನು ನಾನು ರಾಜಕೀಯದಲ್ಲೂ ಕಂಡಿಲ್ಲ.

ದೊಡ್ಡಮ್ಮ ಅಂದೇ ಪಾಸ್ಟರ ಕೋಣೆಗೆ ಹೋದರು. ನಾನೂ ಜೊತೆಗಿದ್ದೆ.

“ಎಷ್ಟೋ ರೋಗಿಗಳನ್ನ ವಾಸಿ ಮಾಡಿದ ಪೌಲ, ತನ್ನ ಸ್ನೇಹಿತ ತ್ರೊಫಿಮನ್ನ ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೋದ. ತಿಮೊಥೆಗೆ ಹೊಟ್ಟೆ ಸರಿಯಿಲ್ಲ ಅಂದಾಗ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ಅವನ ಜೊತೇಲಿದ್ದ ಲೂಕ ವೈದ್ಯ. ಪೌಲನಿಗಿಂತ ನಿಮ್ಮ ನಂಬಿಕೆ ಜಾಸ್ತೀನಾ ಪಾಸ್ಟರೇ? ಅಥವಾ ಅವನಿಗೆ ನಿಮ್ಮ ಎಣ್ಣೆ ಬಾಟ್ಲಿ ಸಿಕ್ಕಿರಲಿಲ್ವಾ?”

“ಸಿಸ್ಟರ್, ಅಕ್ಷರ ಕೊಲ್ಲುತ್ತೆ. ಆತ್ಮ ಬದುಕಿಸುತ್ತೆ,” ಎಂದರು ಪಾಸ್ಟರ್ ನಗುತ್ತಾ.

“ಅಕ್ಷರ ಏನೂ ಮಾಡಿಲ್ಲ. ಆ ಮಗು ತುಟಿ ನೋಡಿ.”

ಪಾಸ್ಟರ್ ಗಡಿಯಾರ ನೋಡಿದರು.

ಕೆಲವು ದಿನಗಳ ನಂತರ ದೊಡ್ಡಮ್ಮನ ಸಕ್ಕರೆ ಕಾಯಿಲೆಯ ತಪಾಸಣೆಗೆ ವಿಜಯನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಮೂಲೆಯಲ್ಲಿ ಟೋಪಿ, ಮಾಸ್ಕ್ ಹಾಕಿಕೊಂಡವರೊಬ್ಬರು ಫೈಲನ್ನು ಮುಖಕ್ಕೆ ಹಿಡಿದು ಕುಳಿತಿದ್ದರು. ದೊಡ್ಡಮ್ಮ ಬಿಳಿ ಶೂ ನೋಡಿಯೇ ಗುರುತು ಹಿಡಿದರು.

“ಸ್ತೋತ್ರ ಪಾಸ್ಟರೇ!”

ಫೈಲು ಕೆಳಗಿಳಿಯಿತು. “ಓ, ಸಿಸ್ಟರ್... ಇಲ್ಲಿ ರೋಗಿಗಳಿಗೋಸ್ಕರ ಪ್ರಾರ್ಥನೆ ಮಾಡೋಣ ಅಂತ ಬಂದಿದ್ದೆ.”

ಆಗ ನರ್ಸ್ ಬಾಗಿಲಿನಿಂದ ಕೂಗಿ ಕೇಳಿದಳು: “ಸಾರ್, ಬೆಳಗ್ಗೆ ಶುಗರ್ ಮಾತ್ರೆ ತಗೊಂಡ್ರಾ? ಮರೆತಿಲ್ಲ ತಾನೆ?”

“ತಗೊಂಡೆ ಸಿಸ್ಟರ್,” ಎಂದರು ಪಾಸ್ಟರ್, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ.

ಇಲ್ಲಿ ದೊಡ್ಡಮ್ಮ ಕ್ಲಿನಿಕ್ಕಿನ ಗಾಜು ಒಡೆಯುವಂತೆ ನಗುತ್ತಾರೆ ಎಂದು ನಾನು ಕಾದೆ. ಅವರು ನಗಲಿಲ್ಲ. ಪಾಸ್ಟರ ಪಕ್ಕದ ಕುರ್ಚಿಯಲ್ಲಿ ಕುಳಿತು, “ತಗೊಳ್ಳಿ, ಬಿಡಬೇಡಿ. ಶುಗರ್ ಒಳ್ಳೇದಲ್ಲ,” ಎಂದರು. “ನೀವೂ ಬಿಡಬೇಡಿ, ಆ ಮಗೂಗೂ ಬಿಡಿಸಬೇಡಿ. ಅವರಮ್ಮಂಗೆ ನೀವು ಒಂದು ಮಾತು ಹೇಳಿದ್ರೆ ಸಾಕು. ಇದನ್ನ ನಾನು ಯಾರಿಗೂ ಹೇಳಲ್ಲ.”

“ಅದು ಬೇರೆ ಸಿಸ್ಟರ್,” ಎಂದರು ಪಾಸ್ಟರ್. “ನನ್ನದು ಬರೀ ಶುಗರ್. ಅವಳದು ದುರಾತ್ಮ.”

ದೊಡ್ಡಮ್ಮ ಕೊಟ್ಟ ಮಾತಿನಂತೆ ಯಾರಿಗೂ ಹೇಳಲಿಲ್ಲ. ನಾನು ಮಾತು ಕೊಟ್ಟಿರಲಿಲ್ಲ. ಈ ವಿಚಾರವಾಗಿ ಪಾಸ್ಟರ ಹೇಳಿಕೆ ಪಡೆಯಲು ಆಮೇಲೆ ಹಲವು ಬಾರಿ ಕರೆ ಮಾಡಿದ್ದೇನೆ. ಪ್ರತಿ ಬಾರಿಯೂ ಅವರ ಸಹಾಯಕರು, “ಪ್ರವಾದಿಗಳು ಪ್ರಾರ್ಥನೆಯಲ್ಲಿದ್ದಾರೆ,” ಎಂದಿದ್ದಾರೆ. ಹೀಗಾಗಿ ಅವರು ಪ್ರತಿಕ್ರಿಯೆಗೆ ಲಭ್ಯವಾಗಿಲ್ಲ.

ಗರಿಗಳ ಭಾನುವಾರ ಬಂತು. ಅಷ್ಟರಲ್ಲಿ ಅಕ್ಸಾಳಿಗೆ ಇನ್ನೊಮ್ಮೆ ಮೂರ್ಛೆ ಬಂದಿತ್ತು. ತಾಯಿಯ ಮುಖ ಬತ್ತಿಹೋಗಿತ್ತು. ಎಲ್ಲರ ಕೈಯಲ್ಲೂ ತೆಂಗಿನ ಗರಿ, ಕೀಬೋರ್ಡಿನವನು ಕಟ್ಟಡ ನಡುಗುವಂತೆ ನುಡಿಸುತ್ತಿದ್ದಾನೆ. ದೊಡ್ಡಮ್ಮ ಚಪ್ಪಲಿ ಬಿಡುವ ಕಡೆ ಜಮಖಾನದ ಮೇಲಿದ್ದರು. ನಾನು ಬಾಗಿಲಲ್ಲಿದ್ದೆ.

ಪಾಸ್ಟರ್ ಅಕ್ಸಾಳನ್ನು ಮತ್ತೆ ವೇದಿಕೆಗೆ ಕರೆದರು. “ಈ ಮಗುವಿನ ಮೇಲೆ ಈಗ ಪರಲೋಕದ ಬಲ ಇಳೀತದೆ! ಬಲ ಇಳಿದಾಗ ತಾನೇ ಬೀಳ್ತಾಳೆ! ದೇವಜನರೇ, ಎಲ್ಲರೂ ಕಣ್ಣು ಮುಚ್ಚಿ! ಒಬ್ಬರೂ ತೆಗೀಬಾರದು!”

ಎಲ್ಲರೂ ಮುಚ್ಚಿದರು. ಪಾಸ್ಟರ್ ಅಂಗೈಯನ್ನು ಮಗುವಿನ ಹಣೆಗಿಟ್ಟು ಕೂಗತೊಡಗಿದರು. ಮಗು ಬೀಳಲಿಲ್ಲ. ಇನ್ನೂ ಜೋರಾಗಿ ಕೂಗಿದರು. ಅದು ನಿಂತೇ ಇತ್ತು. ಆಗ ಪಾಸ್ಟರ್ ಒಂದು ಕಣ್ಣು ತೆರೆದು ಸಭೆಯನ್ನೊಮ್ಮೆ ನೋಡಿ, ಹಣೆಯನ್ನು ತಳ್ಳಿದರು.

“ತಳ್ಳಿದ್ರಿ!”

ಕೀಬೋರ್ಡು ನಿಂತಿತು. ಸಭೆಯ ಅಷ್ಟೂ ಕಣ್ಣುಗಳು ತೆರೆದವು. ಹಿಂದೆ ನಿಂತಿದ್ದ ಸ್ವಯಂಸೇವಕನ ಕೈಯಲ್ಲಿ ಅಕ್ಸಾ, ಪಾಸ್ಟರ ಅಂಗೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು.

“ನಾನು ನೋಡ್ದೆ. ಬಲ ಇಳೀಲಿಲ್ಲ, ನೀವು ತಳ್ಳಿದ್ರಿ,” ಎಂದರು ದೊಡ್ಡಮ್ಮ, ಜಮಖಾನದ ಮೇಲೆ ನಿಂತು. “ಮಾರ್ಕನ ಒಂಬತ್ತನೇ ಅಧ್ಯಾಯದಲ್ಲಿ ಮೂರ್ಛೆ ಬರೋ ಹುಡುಗನ್ನ ಅವನಪ್ಪ ಕರ್ಕೊಂಡು ಬರ್ತಾನೆ. ನನ್ನ ನಂಬಿಕೆ ಸಾಲ್ದು ಸ್ವಾಮಿ, ನೀವೇ ಸಹಾಯ ಮಾಡಿ ಅಂತಾನೆ. ಯೇಸು ಅವನ್ನ ಬೈದು ಕಳಿಸ್ಲಿಲ್ಲ. ಮಗನ್ನ ಕೈಹಿಡಿದು ಎಬ್ಬಿಸಿದ. ಪಾಸ್ಟರೇ, ಎಬ್ಬಿಸಿದ! ನೀವು ಬೀಳಿಸ್ತಾ ಇದೀರಿ!”

“ದೇವರು ಅಭಿಷೇಕಿಸಿದವನನ್ನು ಮುಟ್ಟಬಾರದು!” ಎಂದು ಪಾಸ್ಟರ್ ಗುಡುಗಿದರು.

“ನಾನೆಲ್ಲಿ ಮುಟ್ಟಿದೆ? ಇಲ್ಲೇ ನಿಂತಿದೀನಲ್ಲ!”

ಇಬ್ಬರು ಸ್ವಯಂಸೇವಕರು ಬಂದು ಅವರ ತೋಳು ಹಿಡಿದರು. “ನಡೀರಿ ಆಂಟಿ. ಕಣ್ಣು ಮುಚ್ಚಿ ಅಂದಾಗ ಮುಚ್ಚದಿದ್ದೋರು ಇಲ್ಲಿರೋ ಹಾಗಿಲ್ಲ.” ಮೆಟ್ಟಿಲು ಇಳಿಯುವಾಗ ದೊಡ್ಡಮ್ಮ ತಿರುಗಿ ಸುವರ್ಣಾಳನ್ನು ನೋಡಿದರು. ಅವಳು ಮಗಳನ್ನು ಅವುಚಿಕೊಂಡು ತಲೆ ತಗ್ಗಿಸಿದ್ದಳು. ಏಳಲಿಲ್ಲ.

ನಾನು ಸ್ಕೂಟರ್ ತೆಗೆದೆ. ದೊಡ್ಡಮ್ಮ ಹತ್ತಲಿಲ್ಲ. ಕೆಳಗಿನ ಬೇಕರಿಯ ಮುಂದಿದ್ದ ಸ್ಟೂಲಿನಲ್ಲಿ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮೇಲೆ ಹಾಡು ಮತ್ತೆ ಶುರುವಾಯಿತು. ಬೇಕರಿಯವನು ಕೊಟ್ಟ ಟೀ ಆರಿಹೋಯಿತು.

ಆರಾಧನೆ ಮುಗಿದು ಜನ ಇಳಿದರು. ಹಲವರು ನಮ್ಮನ್ನು ಕಾಣದವರಂತೆ ಹೋದರು. ಕೊನೆಯಲ್ಲಿ ಸುವರ್ಣಾ ಬಂದಳು. ದೂರದಲ್ಲೇ ನಿಂತು, “ನೀವು ಅಂದಿದ್ದ ಖರೇ ಇರ್ಬೌದು ಅಮ್ಮಾ,” ಎಂದಳು. “ಆದ್ರ ನಾ ಗುಳಿಗಿ ಕೊಟ್ರ, ದೇವರ ಮ್ಯಾಲ ನಂಬಿಕಿ ಇಲ್ಲಾಂದಂಗಲ್ಲೇನ್ರೀ? ನನಗ ಅದೇ ಅಂಜಿಕಿ.”

ದೊಡ್ಡಮ್ಮನಿಗೆ ವಾದ ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಅವರು ವಾದ ಮಾಡಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಬಲ್ ತೆರೆದು, ಬೆರಳಿಟ್ಟು ಓದಿಸಿದರು. ಯೇಸು ಕುಷ್ಠರೋಗಿಯನ್ನು ವಾಸಿಮಾಡಿದ ಮೇಲೆ, ಹೋಗಿ ದೇವಾಲಯದ ಯಾಜಕನಿಗೆ ತೋರಿಸಿಕೋ ಎಂದು ಕಳುಹಿಸುವ ಭಾಗ ಅದು.

“ಆ ಕಾಲದಲ್ಲಿ ವಾಸಿಯಾಗಿದೆಯೋ ಇಲ್ವೋ ಅಂತ ನೋಡಿ ಹೇಳ್ತಿದ್ದಿದ್ದು ಯಾಜಕರು ಕಣೇ. ಈಗ ನೋಡಿ ಹೇಳೋರು ಡಾಕ್ಟ್ರು. ವಾಸಿ ಮಾಡಿದ ಮೇಲೂ ತೋರಿಸ್ಕೊಳ್ಳಿ ಅಂತ ಯೇಸುಸ್ವಾಮಿನೇ ಕಳಿಸಿದಾನೆ. ನಾವೂ ಹೋಗಿ ತೋರಿಸೋಣ. ಅವರು ವಾಸಿಯಾಗಿದೆ, ಮಾತ್ರೆ ಬೇಡ ಅಂದ್ರೆ ಬೇಡ. ಬೇಕು ಅಂದ್ರೆ ಕೊಡೋಣ. ಇದರಲ್ಲಿ ನಂಬಿಕೆ ಕಮ್ಮಿ ಎಲ್ಲಾಯ್ತು?”

ಸುವರ್ಣಾ ಆ ವಚನವನ್ನು ಮತ್ತೆ ತಾನೇ ಓದಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, “ನಾಳೆ ರಜಾ ಹಾಕ್ತೀನ್ರೀ,” ಎಂದಳು.

ಮರುದಿನ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರು ಸುವರ್ಣಾಳನ್ನು ಬೈಯಲು ಬಾಯಿ ತೆರೆದರಂತೆ. ದೊಡ್ಡಮ್ಮ ಅವರನ್ನು ನೋಡಿದರಂತೆ. ಡಾಕ್ಟರು ಬಾಯಿ ಮುಚ್ಚಿ ಮಾತ್ರೆ ಬರೆದರಂತೆ. ಅಂದಿನಿಂದ ಇಂದಿನವರೆಗೆ ಅಕ್ಸಾಳಿಗೆ ಮೂರ್ಛೆ ಬಂದಿಲ್ಲ. ಮಂದಿರ ಈಗಲೂ ತುಂಬುತ್ತಿದೆ. ನೀಲಿ ತೊಟ್ಟಿ ಅಲ್ಲೇ ಇದೆ. ಹೊಸ ಬ್ಯಾನರಿನಲ್ಲಿ ಪಾಸ್ಟರ ಮುಖ ಇನ್ನೂ ದೊಡ್ಡದಾಗಿದೆ. ‘ಪರೀಕ್ಷಿಸಿ ನೋಡಿ’ ಎಂಬ ಮಾತು ಮಾತ್ರ ಇಲ್ಲ.

ದೊಡ್ಡಮ್ಮ ಈಗ ಯಾವ ಚರ್ಚಿಗೂ ಹೋಗುತ್ತಿಲ್ಲ. ಭಾನುವಾರ ಬೆಳಗ್ಗೆ ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಸುವರ್ಣಾಳ ಒಂದು ಕೋಣೆಯ ಮನೆಗೆ ಹೋಗುತ್ತಾರೆ. ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಎಂದು ಬೈಬಲಿನಲ್ಲಿದೆಯಂತೆ, ಆದ್ದರಿಂದ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಹೊರಗೆ ಸ್ಕೂಟರಿನ ಮೇಲೆ ಕೂತು ಪೇಪರ್ ಓದುತ್ತೇನೆ.

ಕಳೆದ ಭಾನುವಾರ ಬಾಗಿಲು ತೆರೆದಾಗ ಅಕ್ಸಾ ಮೊದಲು ಹೊರಗೆ ಬಂದಳು. ನನ್ನ ಹತ್ತಿರ ಬಂದು ತೋಳು ಜಗ್ಗಿದಳು.

“ಮಾಮಾ, ನಿಮಗೊಂದ್ ಹೇಳ್ಲಿ? ಅಜ್ಜಿ ನನ್ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಿ ಮಾಡ್ತಾಳಲ್ಲ, ಆಗ ಕಣ್ಣು ಮುಚ್ಚಿರ್ತಾಳ.”

“ಸುಳ್ಳು. ನಿಂಗ್ಹೇಗೆ ಗೊತ್ತು?”

“ನಾ ಮುಚ್ಚಂಗಿಲ್ಲಲ್ಲ!” ಎಂದಳು ಅಕ್ಸಾ. “ಕಣ್ಣಾಗಿಂದು ನೀರು ನನ್ ಹಣಿ ಮ್ಯಾಲ ಬಿತ್ತು.”

ಅಷ್ಟರಲ್ಲಿ ದೊಡ್ಡಮ್ಮ ಹೊರಗೆ ಬಂದರು. ಇದು ನಿಜವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದರು. ಪ್ರತಿಕ್ರಿಯೆ ನೀಡಲಿಲ್ಲ.